ಫೀಸು ಕಟ್ಟುವ ಮುಂಚೆ ಖಾತೆ ಯಾರದ್ದು ನೋಡಿ

ನಮ್ಮ ಮನೆಗಳಲ್ಲಿ ಓದುವ ರೀತಿಯೇ ಈಗ ಬೇರೆ ಆಗಿದೆ. ಮಾನ್ವಿಯ ಮನೆಯೊಂದರಲ್ಲಿ ಮದುವೆಯಾಗಿ ಬಂದ ಸೊಸೆ ಬಿ.ಎ. ಎರಡನೇ ವರ್ಷ ಓದುತ್ತಾಳೆ, ಕಾಲೇಜಿನ ಗೇಟು ನೋಡುವುದು ಪರೀಕ್ಷೆಯ ದಿನ ಮಾತ್ರ. ದೇವದುರ್ಗದಲ್ಲಿ ಬೇಕರಿಯ ಗಲ್ಲಾದಲ್ಲಿ ಕೂತ ಹುಡುಗ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಬಿ.ಕಾಂ. ಪಾಠ ಕೇಳುತ್ತಾನೆ. ರಾಯಚೂರು ನಗರದಲ್ಲಿ ಎಸೆಸೆಲ್ಸಿ ಅರ್ಧಕ್ಕೆ ಬಿಟ್ಟಿದ್ದ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಮತ್ತೆ ಪುಸ್ತಕ ಹಿಡಿದಿದ್ದಾರೆ. ಕರಾವಳಿಯಿಂದ ವ್ಯಾಪಾರಕ್ಕೆಂದು ಬಂದು ಇಲ್ಲಿ ನೆಲೆ ನಿಂತ ನಮ್ಮವರ ಮನೆಗಳು ಹೆಚ್ಚಿಲ್ಲ. ಆದರೆ ಇರುವ ಮನೆಗಳಲ್ಲಿ ಓದು ನಿಂತಿಲ್ಲ ಎನ್ನುವುದು ನಮಗೆ ಸಂತೋಷದ ವಿಷಯ. ಊರಿನಲ್ಲಿರುವ ನಮ್ಮ ಓದುಗರ ಮನೆಗಳಲ್ಲೂ ಇದೇ ಕತೆ ಅಲ್ಲವೇ?

ಇದು ಶುರುವಾದದ್ದು 2020ರ ಮಾರ್ಚ್‌ನಲ್ಲಿ. ಶಾಲೆ ಮುಚ್ಚಿತು, ಜುಲೈಯಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬಂತು, ಆಮೇಲೆ 'ವಿದ್ಯಾಗಮ' ಅಂತ ಮೇಷ್ಟ್ರುಗಳೇ ಓಣಿ ಓಣಿಗೆ ಬಂದರು. ಆ ವರ್ಷ ಮಕ್ಕಳ ಪಾಠಕ್ಕೆಂದು ಸಾಲ ಮಾಡಿ ಕೊಂಡ ಮೊಬೈಲು ಶಾಲೆ ತೆರೆದ ಮೇಲೂ ಮನೆಯಿಂದ ಹೋಗಲಿಲ್ಲ. ಪಾಠ, ಫೀಸು, ಹಾಲ್ ಟಿಕೆಟ್, ಸ್ಕಾಲರ್‌ಶಿಪ್, ಫಲಿತಾಂಶ ಎಲ್ಲವೂ ಅದೇ ಐದಿಂಚು ಗಾಜಿನೊಳಗೆ ಬಂತು. ಕಳ್ಳನೂ ಅದರೊಳಗೇ ಬಂದ.

ಕಾಲೇಜಿಗೆ ಹೋಗುವ ಹುಡುಗನಿಗೂ ಮನೆಯಲ್ಲಿ ಕೂತು ಓದುವ ಹುಡುಗನಿಗೂ ಒಂದು ವ್ಯತ್ಯಾಸ ಇದೆ, ಅದನ್ನು ನಾವು ಗಮನಿಸುವುದೇ ಇಲ್ಲ. ಕಾಲೇಜಿನಲ್ಲಿ ನೋಟಿಸ್ ಬೋರ್ಡ್ ಇರುತ್ತದೆ, ಆಫೀಸಿನ ಕಿಟಕಿ ಇರುತ್ತದೆ, ಪಕ್ಕದ ಬೆಂಚಿನವನು ಇರುತ್ತಾನೆ. "ನಿನಗೂ ಈ ಮೆಸೇಜ್ ಬಂತಾ?" ಎಂದು ಕೇಳಿದರೆ ಅರ್ಧ ಮೋಸ ಅಲ್ಲೇ ಬಯಲಾಗುತ್ತದೆ. ಮನೆಯಲ್ಲಿ ಓದುವವನಿಗೆ ಕೇಳಲು ಯಾರಿದ್ದಾರೆ? "ಇಂದು ಸಂಜೆ ಐದರೊಳಗೆ ಪರೀಕ್ಷಾ ಶುಲ್ಕ ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ" ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದರೆ, ಮೇಲೆ ವಿಶ್ವವಿದ್ಯಾಲಯದ ಮುದ್ರೆಯೂ ಇದ್ದರೆ, ದೇವದುರ್ಗದಲ್ಲಿ ಕೂತವನು ಹೆದರಿ ಕಟ್ಟಿಯೇ ಕಟ್ಟುತ್ತಾನೆ.

ಇನ್ನೊಂದು ನಮ್ಮ ಮನೆಗಳದ್ದೇ ಅಭ್ಯಾಸ. ಮನೆಯಲ್ಲಿ ಮೊಬೈಲು ಒಂದು, ಬಳಸುವವರು ನಾಲ್ಕು ಜನ. ಬ್ಯಾಂಕ್ ಖಾತೆಗೆ, ಆಧಾರ್‌ಗೆ ಜೋಡಿಸಿದ ನಂಬರ್ ಮಾತ್ರ ಬಾಪನದ್ದು. ಬಾಪ ಅಂಗಡಿಯಲ್ಲಿ, ಇಲ್ಲವೇ ದಮಾಮ್‌ನಲ್ಲಿ, ದುಬೈಯಲ್ಲಿ. ಮಗಳು ಅರ್ಜಿ ತುಂಬುತ್ತಾಳೆ, ಓಟಿಪಿ ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಅವರು ಫೋನಿನಲ್ಲಿ ಆರು ಅಂಕೆ ಓದಿ ಹೇಳುತ್ತಾರೆ. ಹೀಗೆ ವರ್ಷಗಟ್ಟಲೆ ಮಾಡಿ ಮಾಡಿ, ಓಟಿಪಿ ಎಂದರೆ ಕೇಳಿದವರಿಗೆ ಓದಿ ಹೇಳುವ ವಸ್ತು ಎಂದೇ ಇಡೀ ಮನೆ ಕಲಿತುಬಿಟ್ಟಿದೆ. ನಾಳೆ ಬೇರೆ ಯಾರೋ "ಸ್ಕಾಲರ್‌ಶಿಪ್ ಆಫೀಸಿನಿಂದ, ನಿಮ್ಮ ಮಗಳ ಅರ್ಜಿಗೆ ಒಂದು ನಂಬರ್ ಬಂದಿದೆ ನೋಡಿ" ಎಂದರೆ ಬಾಪ ಅದನ್ನೂ ಓದಿ ಹೇಳುತ್ತಾರೆ. ಓದುವ ಮಗುವಿಗೆ ಹದಿನೆಂಟು ತುಂಬಿದ ಮೇಲೆ ಅದರ ಹೆಸರಿನಲ್ಲೇ ಒಂದು ಸಿಮ್, ಒಂದು ಸಣ್ಣ ಖಾತೆ ಮಾಡಿಸಿ, ಆಧಾರ್‌ಗೆ ಆ ನಂಬರನ್ನೇ ಜೋಡಿಸಿ. ಇಡೀ ಮನೆಯ ದುಡ್ಡು ಇರುವ ಖಾತೆಯನ್ನು ಓದಿನ ಕೆಲಸಕ್ಕೆ ಬಳಸಬೇಡಿ ಎಂದು ನಾವು ಹೇಳುವುದು ಇದಕ್ಕೇ.

ಹೆಸರು ದೊಡ್ಡದು, ಮಾನ್ಯತೆ ಇಲ್ಲ

ದೂರಶಿಕ್ಷಣದ ಮೋಸ ಮೊಬೈಲಿನಿಂದ ಹುಟ್ಟಿದ್ದಲ್ಲ, ಅದಕ್ಕಿಂತ ಹಳೆಯದು. ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮ ರಾಜ್ಯದ್ದೊಂದು ಹೆಸರು ವರ್ಷಾನುವರ್ಷ ಇತ್ತು: ಬೆಳಗಾವಿ ಜಿಲ್ಲೆ ಗೋಕಾಕದ ಬಡಗಾನವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ. ಹೆಸರಿನಲ್ಲಿ 'ಸರ್ಕಾರ್' ಇದೆ, 'ವರ್ಲ್ಡ್' ಇದೆ, 'ಓಪನ್ ಯೂನಿವರ್ಸಿಟಿ' ಇದೆ. ಪದವಿ ಕೊಡುವ ಅಧಿಕಾರ ಒಂದು ಮಾತ್ರ ಇಲ್ಲ.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ನಿಜವಾದ ವಿಶ್ವವಿದ್ಯಾಲಯದ ಕತೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸರಕಾರವೇ ಕಾಯ್ದೆ ಮಾಡಿ 1996ರಲ್ಲಿ ಕಟ್ಟಿದ ಸಂಸ್ಥೆ. ಆದರೆ ರಾಜ್ಯದ ಹೊರಗೆಲ್ಲ ಖಾಸಗಿಯವರ ಜತೆ ಸೇರಿ ಅಧ್ಯಯನ ಕೇಂದ್ರ ತೆರೆದದ್ದು, ತಾಂತ್ರಿಕ ಕೋರ್ಸುಗಳನ್ನು ನಡೆಸಿದ್ದು ದೊಡ್ಡ ವಿವಾದವಾಗಿ, 2013–14ರಿಂದ ಯುಜಿಸಿ ಮಾನ್ಯತೆ ಇಲ್ಲವಾಯಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಇಂದು ಅಲ್ಲಿ ಧೈರ್ಯವಾಗಿ ಓದಬಹುದು, ನಮ್ಮವರೂ ಓದುತ್ತಿದ್ದಾರೆ. ಆದರೆ ನಡುವಿನ ಆ ವರ್ಷಗಳಲ್ಲಿ ಸೇರಿದ ವಿದ್ಯಾರ್ಥಿಗಳು ಅಂಕಪಟ್ಟಿ ಹಿಡಿದುಕೊಂಡು ಎಷ್ಟು ಬಾಗಿಲು ತಟ್ಟಬೇಕಾಯಿತು! ಫೀಸು ಕಟ್ಟಿಸಿಕೊಂಡ ಖಾಸಗಿ ಕೇಂದ್ರಗಳಲ್ಲಿ ಹಲವು ಅಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು.

ಆ ಪಾಠದಿಂದ ನಿಯಮಗಳು ಬಿಗಿಯಾದವು. 2020ರ ಯುಜಿಸಿ ನಿಯಮದ ಪ್ರಕಾರ ದೂರಶಿಕ್ಷಣ ಕೋರ್ಸನ್ನು ಫ್ರಾಂಚೈಸಿ ಕೊಟ್ಟು ನಡೆಸುವಂತಿಲ್ಲ. ಅಂದರೆ ಬಸ್‌ಸ್ಟ್ಯಾಂಡ್ ಪಕ್ಕದ ಮಳಿಗೆಯಲ್ಲಿ ಬೋರ್ಡು ಹಾಕಿ "ನಮ್ಮಲ್ಲೇ ಅಡ್ಮಿಶನ್, ನಮ್ಮಲ್ಲೇ ಪರೀಕ್ಷೆ, ನಮ್ಮಲ್ಲೇ ಡಿಗ್ರಿ" ಎನ್ನುವವರ ಮಾತು ನಂಬುವಂಥದ್ದಲ್ಲ. 2024ರಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಗೆ ಸೇರುವ ವಿದ್ಯಾರ್ಥಿ ಯುಜಿಸಿಯ ದೂರಶಿಕ್ಷಣ ಬ್ಯೂರೊ ಜಾಲತಾಣದಲ್ಲಿ ಡೆಬ್ ಐಡಿ ಮಾಡಿಕೊಳ್ಳಬೇಕು. ಇದು ವಿದ್ಯಾರ್ಥಿಯೇ ಮಾಡಿಕೊಳ್ಳುವ ಕೆಲಸ. "ಡೆಬ್ ಐಡಿ ಎಲ್ಲ ಬೇಡ, ನಾವು ನೋಡಿಕೊಳ್ಳುತ್ತೇವೆ" ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಯಾವ ವಿಶ್ವವಿದ್ಯಾಲಯಕ್ಕೆ ಯಾವ ಕೋರ್ಸು ನಡೆಸಲು ಯಾವ ವರ್ಷಕ್ಕೆ ಅನುಮತಿ ಇದೆ ಎಂಬ ಪಟ್ಟಿಯೂ ಅದೇ ತಾಣದಲ್ಲಿ ಸಿಗುತ್ತದೆ. ಹೆಸರು ಇದ್ದರೆ ಸಾಲದು, ಕೋರ್ಸು ಮತ್ತು ವರ್ಷ ಎರಡೂ ಇರಬೇಕು.

ಇನ್ನು ಹುಡುಕುವ ಗೋಜೇ ಬೇಡದ ಕೆಲವು ಮೋಸಗಳು ಇವೆ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಎಂಜಿನಿಯರಿಂಗ್, ಕಾನೂನು – ಇವುಗಳ ಪದವಿಯನ್ನು ದೂರಶಿಕ್ಷಣದಲ್ಲಿ ಕೊಡಲು ಅವಕಾಶವೇ ಇಲ್ಲ. 2025ರ ಜುಲೈ–ಆಗಸ್ಟ್ ಅವಧಿಯಿಂದ ಮನಃಶಾಸ್ತ್ರ, ಆಹಾರ ಮತ್ತು ಪೋಷಣೆಯಂಥ ಆರೋಗ್ಯಕ್ಕೆ ಸಂಬಂಧಿಸಿದ ಕೋರ್ಸುಗಳನ್ನೂ ನಿಲ್ಲಿಸಿದ್ದಾರೆ. ಗಲ್ಫಿನ ಆಸ್ಪತ್ರೆ ಕೆಲಸದ ಆಸೆಯಿಂದ "ಮನೆಯಲ್ಲೇ ಕೂತು ನರ್ಸಿಂಗ್" ಎಂಬ ಜಾಹೀರಾತಿಗೆ ಹೆಣ್ಣುಮಕ್ಕಳ ಫೀಸು ಕಟ್ಟಲು ಹೊರಟವರನ್ನು ನಾವು ಕಂಡಿದ್ದೇವೆ. ಕಟ್ಟುವ ಮುಂಚೆ ಕೇಳಲು ಬಂದದ್ದು ಪುಣ್ಯ. "ಒಂದೇ ವರ್ಷದಲ್ಲಿ ಡಿಗ್ರಿ", "ಎಸೆಸೆಲ್ಸಿ ಫೇಲಾದವರಿಗೆ ಪರೀಕ್ಷೆ ಇಲ್ಲದೆ ಪಿಯುಸಿ" ಇವೂ ಅದೇ ಜಾತಿಗೆ ಸೇರಿದವು.

ಇಷ್ಟೆಲ್ಲ ನೆನಪಿಡಲು ಆಗದವರಿಗೆ ಒಂದು ಸುಲಭದ ಗುರುತು ಇದೆ. ಮುದ್ರೆ ನಕಲು ಮಾಡಬಹುದು, ಧ್ವನಿ ನಕಲು ಮಾಡಬಹುದು, ಇಡೀ ಜಾಲತಾಣವನ್ನೇ ನಕಲು ಮಾಡಬಹುದು. ಆದರೆ ದುಡ್ಡು ಕೊನೆಗೆ ಒಂದು ಖಾತೆಗೆ ಹೋಗಲೇಬೇಕು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಪಿನ್ ಕೇಳುವ ಮುಂಚೆ ಆ ಖಾತೆಯವರ ಹೆಸರು ಪರದೆಯ ಮೇಲೆ ಬರುತ್ತದೆ. ವಿಶ್ವವಿದ್ಯಾಲಯದ ಫೀಸು ಎನ್ನುತ್ತಾರೆ, ಬರುವ ಹೆಸರು ಯಾವನೋ ಒಬ್ಬ ಮನುಷ್ಯನದ್ದು, ಇಲ್ಲವೇ ಯಾವುದೋ 'ಎಂಟರ್‌ಪ್ರೈಸಸ್'. ಅಲ್ಲಿಗೇ ಬೆರಳು ನಿಲ್ಲಿಸಿ. "ಸರ್ ಅವರ ಪರ್ಸನಲ್ ನಂಬರಿಗೆ ಹಾಕಿ, ರಶೀದಿ ಆಮೇಲೆ ಕೊಡುತ್ತೇವೆ" ಎಂದರೂ ಅಷ್ಟೇ. ಮತ್ತೆ ಒಂದು ಮಾತು, ಹೇಳಿ ಹೇಳಿ ನಮಗೆ ಸಾಕಾಗಿದೆ, ಆದರೂ ಹೇಳುತ್ತೇವೆ: ಯುಪಿಐ ಪಿನ್ ಹಾಕುವುದು ದುಡ್ಡು ಕೊಡಲಿಕ್ಕೆ. ದುಡ್ಡು ಬರಲಿಕ್ಕೆ ಪಿನ್ ಬೇಡವೇ ಬೇಡ. "ನಿಮ್ಮ ಸ್ಕಾಲರ್‌ಶಿಪ್ ಹಣ ಪಡೆಯಲು ಪಿನ್ ಒತ್ತಿ" ಎಂದರೆ ಅದು ಕಳ್ಳತನ.

ಸ್ಕಾಲರ್‌ಶಿಪ್ ಎಂಬ ಗಾಳ

ಸ್ಕಾಲರ್‌ಶಿಪ್ ಹೆಸರಿನ ಮೋಸ ನಮ್ಮ ಸಮುದಾಯಗಳಿಗೆ ನೇರ ಸಂಬಂಧಪಟ್ಟದ್ದು. 2020ರಲ್ಲಿ ಜಾರ್ಖಂಡ್‌ನಲ್ಲಿ ಒಂದು ಹಗರಣ ಪತ್ರಿಕೆಯಲ್ಲಿ ಬಯಲಾಯಿತು. ದಲ್ಲಾಳಿಗಳು ಬಡವರ ಆಧಾರ್, ಪಾಸ್‌ಬುಕ್, ಹೆಬ್ಬೆಟ್ಟಿನ ಗುರುತು ತೆಗೆದುಕೊಂಡು ಅವರ ಹೆಸರಿನಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ, ಬಂದ ಹಣದಲ್ಲಿ ಚೂರು ಕೊಟ್ಟು ಉಳಿದದ್ದು ನುಂಗಿದ್ದರು. ಇದು ಸೌದಿಯಿಂದ ಬಂದ ಸಹಾಯ ಎಂದು ಕೆಲವರನ್ನು ನಂಬಿಸಿದ್ದರಂತೆ. ಸೌದಿ ಎಂದರೆ ನಮ್ಮವರು ಎರಡನೇ ಪ್ರಶ್ನೆ ಕೇಳುವುದಿಲ್ಲ ಎಂದು ಕಳ್ಳನಿಗೂ ಗೊತ್ತು ನೋಡಿ. 2023ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ನಕಲಿಯೋ, ಭಾಗಶಃ ನಕಲಿಯೋ, ಬಾಗಿಲು ಹಾಕಿದವೋ ಆಗಿದ್ದವು. ನಷ್ಟ 144 ಕೋಟಿ ರೂಪಾಯಿಗೂ ಹೆಚ್ಚು. ಸಿಬಿಐ ಮೊಕದ್ದಮೆ ಹೂಡಿತು. ಆ ಹಣ ನಮ್ಮ ಮಕ್ಕಳ ಪಾಲಿನದ್ದು.

ಹೆಬ್ಬೆಟ್ಟಿನ ವಿಷಯ ಬಂದದ್ದರಿಂದ ಊರಿನ ಮಾತೂ ಹೇಳಬೇಕು. 2023ರಲ್ಲಿ ಮಂಗಳೂರು ಕಡೆ ಹಲವರ ಖಾತೆಯಿಂದ ಓಟಿಪಿಯೇ ಬಾರದೆ ಹಣ ಹೋಯಿತು. ಆಧಾರ್ ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದಾದ ಎಇಪಿಎಸ್ ವ್ಯವಸ್ಥೆಯ ದುರುಪಯೋಗ ಅದು. ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿದ್ದರು. ಬಿಹಾರದ ಮೂವರನ್ನು ಮಂಗಳೂರು ಪೊಲೀಸರು ಹಿಡಿದರು. ಹಾಗಾಗಿ "ಸ್ಕಾಲರ್‌ಶಿಪ್ ಕೆವೈಸಿ" ಎಂದು ಮನೆ ಬಾಗಿಲಿಗೆ ಯಂತ್ರ ತಂದವರಿಗೆ ಬೆರಳು ಕೊಡಬೇಡಿ. ಆಧಾರ್‌ನ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಇದೆ. ಬೇಕಾದಾಗ ತೆರೆದು ಮತ್ತೆ ಮುಚ್ಚಬಹುದು. ಹತ್ತು ನಿಮಿಷದ ಕೆಲಸ, ಇವತ್ತೇ ಮಾಡಿ.

ಅರ್ಜಿ ಹಾಕುವುದು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅಥವಾ ಕೇಂದ್ರದ ಎನ್‌ಎಸ್‌ಪಿಯಲ್ಲಿ. ಎರಡರ ವಿಳಾಸವೂ 'ಗವ್ ಡಾಟ್ ಇನ್' ಎಂದೇ ಮುಗಿಯುತ್ತದೆ. ಅಲ್ಲಿ ಅರ್ಜಿಗೆ ಶುಲ್ಕ ಇಲ್ಲ. ಸೈಬರ್ ಸೆಂಟರಿನವನು ತನ್ನ ಕೂಲಿ ಕೇಳಿದರೆ ಕೊಡಿ, ಅದು ನ್ಯಾಯ. ಆದರೆ ಪಾಸ್‌ವರ್ಡ್ ಅವನ ನೋಟ್‌ಬುಕ್‌ನಲ್ಲಿ ಬಿಟ್ಟು ಬರಬೇಡಿ. ಫಲಿತಾಂಶ, ಹಾಲ್ ಟಿಕೆಟ್, ಚಲನ್ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ, ಹೆಸರಿನ ಕೊನೆಗೆ 'ಎಪಿಕೆ' ಎಂದಿರುವ ಫೈಲು ಫಲಿತಾಂಶವಲ್ಲ. ಒತ್ತಿದರೆ ನಿಮ್ಮ ಮೆಸೇಜುಗಳನ್ನೆಲ್ಲ ಅವನು ಅಲ್ಲಿಂದಲೇ ಓದುತ್ತಾನೆ.

ಖಾತೆ ಬಾಡಿಗೆಗೆ ಕೊಟ್ಟ ಹುಡುಗರು

ಇಷ್ಟು ಹೊತ್ತು ಹೇಳಿದ್ದು ದುಡ್ಡು ಕಳೆದುಕೊಳ್ಳುವ ಮಾತು. ಇನ್ನು ಹೇಳುವುದು ಅದಕ್ಕಿಂತ ಕೆಟ್ಟದ್ದು.

ಮನೆಯಲ್ಲಿ ಕೂತು ಓದುವ ಹುಡುಗನಿಗೆ ಕೈಖರ್ಚಿಗೆ ಬೇಕು. ಟೆಲಿಗ್ರಾಮ್‌ನಲ್ಲಿ "ಪಾರ್ಟ್ ಟೈಮ್ ಕೆಲಸ, ವಿದ್ಯಾರ್ಥಿಗಳಿಗೆ ಮಾತ್ರ" ಎಂದು ಬರುತ್ತದೆ. ಮೊದಲು ವಿಡಿಯೊಗೆ ಲೈಕ್ ಒತ್ತಲು ನೂರೈವತ್ತು ರೂಪಾಯಿ ಕೊಡುತ್ತಾರೆ, ನಿಜವಾಗಿಯೂ ಕೊಡುತ್ತಾರೆ. ಆಮೇಲೆ ಸಾವಿರ ಹಾಕು ಹದಿಮೂರು ನೂರು ಬರುತ್ತದೆ ಎನ್ನುತ್ತಾರೆ. ಅದೂ ಬರುತ್ತದೆ. ಮೂರನೆಯದ್ದು ಐವತ್ತು ಸಾವಿರ, ಅದು ಬರುವುದಿಲ್ಲ. ಈ ಕತೆ ಈಗ ಬಹಳ ಜನರಿಗೆ ಗೊತ್ತು.

ಗೊತ್ತಿಲ್ಲದ್ದು ಇನ್ನೊಂದು. "ನೀನು ದುಡ್ಡೇನೂ ಹಾಕಬೇಡ. ನಿನ್ನ ಹೆಸರಿನಲ್ಲಿ ಒಂದು ಖಾತೆ ತೆರೆ, ಎಟಿಎಂ ಕಾರ್ಡು, ಸಿಮ್ಮು ನಮಗೆ ಕೊಡು. ತಿಂಗಳಿಗೆ ಇಷ್ಟು" ಎನ್ನುತ್ತಾರೆ. ಹುಡುಗನಿಗೆ ಅನಿಸುವುದು, ನನ್ನ ಕೈಯಿಂದ ಎಂತ ಹೋಯಿತು? ಖಾಲಿ ಖಾತೆ ತಾನೇ. ಆದರೆ ಎಲ್ಲೋ ಒಬ್ಬ ಮುದುಕಿಯನ್ನು "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿ ಕಿತ್ತ ಲಕ್ಷಗಟ್ಟಲೆ ಹಣ ಮೊದಲು ಬಂದು ಬೀಳುವುದು ಆ ಖಾಲಿ ಖಾತೆಗೆ. ಕಳ್ಳನ ಹೆಸರು ಎಲ್ಲೂ ಇಲ್ಲ, ಇರುವುದು ಹುಡುಗನ ಹೆಸರು, ಆಧಾರ್, ಫೋಟೊ. ಪೊಲೀಸರು ಮೊದಲು ಬರುವುದು ಅವನ ಮನೆಗೆ. ಇಂಥ ಖಾತೆಗೆ ಮ್ಯೂಲ್ ಖಾತೆ ಎನ್ನುತ್ತಾರೆ, ಹೊರೆ ಹೊರುವ ಹೇಸರಗತ್ತೆ ಎಂದು ಅರ್ಥ. 2025ರ ಜೂನ್‌ನಲ್ಲಿ ಸಿಬಿಐ ದಾಳಿ ನಡೆಸಿದಾಗ ದೇಶದ 700ಕ್ಕೂ ಹೆಚ್ಚು ಬ್ಯಾಂಕ್ ಶಾಖೆಗಳಲ್ಲಿ ಸುಮಾರು 8.5 ಲಕ್ಷ ಇಂಥ ಖಾತೆಗಳಿವೆ ಎಂದು ಹೇಳಿತು. ಅದರಲ್ಲಿ ಎಷ್ಟು ವಿದ್ಯಾರ್ಥಿಗಳೋ!

ನಮ್ಮ ಮನೆಗಳಿಗೆ ಇದರ ಪೆಟ್ಟು ಬೇರೆ ರೀತಿಯದ್ದು. ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಕ್ರಿಮಿನಲ್ ಪ್ರಕರಣ ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು, ಕೋರ್ಟಿನ ಅನುಮತಿ ತರಬೇಕಾಗುತ್ತದೆ. ಓದು ಮುಗಿಸಿ ಗಲ್ಫಿಗೆ ಹೋಗಬೇಕಾದ ಹುಡುಗ ಎರಡು ಮೂರು ಸಾವಿರದ ಆಸೆಗೆ ವರ್ಷಗಟ್ಟಲೆ ಬೇರೆ ರಾಜ್ಯದ ಕೋರ್ಟಿಗೆ ಅಲೆದಾಡುವ ಸ್ಥಿತಿ ಬರುತ್ತದೆ. ಮನೆಯವರು ಕಳಿಸಿದ ಹಣ ಇರುವ ಖಾತೆಯೂ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಇನ್ನೊಬ್ಬರ ಹಣ ಕಾಯುವುದು ಅಮಾನತ್ ಎಂದು ನಾವು ಸಣ್ಣ ಮಕ್ಕಳಿಗೆ ಪಾಠ ಮಾಡುತ್ತೇವೆ. ತನ್ನ ಹೆಸರನ್ನು ಕಾಯುವುದೂ ಅದರೊಳಗೇ ಬರುತ್ತದೆ ಎಂದು ದೊಡ್ಡ ಮಕ್ಕಳಿಗೆ ಹೇಳುವುದು ಬಾಕಿ ಇದೆ.

ಪರಿಚಯದವರೇ "ನನ್ನ ಖಾತೆಯಲ್ಲಿ ತೊಂದರೆ, ನಿನ್ನದಕ್ಕೆ ಹಾಕಿಸುತ್ತೇನೆ, ತೆಗೆದು ಕೊಡು" ಎಂದು ಕೇಳುವುದೂ ಉಂಟು. ದಾಕ್ಷಿಣ್ಯಕ್ಕೆ ಹೂಂ ಎನ್ನಬೇಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಕೇಂದ್ರ ಸರಕಾರದ 'ಸಂಚಾರ್ ಸಾಥಿ' ತಾಣದಲ್ಲಿ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಬಹುದು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಫೀಸಿಗೆಂದು ಸಾಲದ ಆ್ಯಪ್ ಹಾಕಿಕೊಂಡರೆ ಅದು ಫೋಟೊಗಳನ್ನೂ, ಮನೆಯವರ ನಂಬರುಗಳನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ಚಿತ್ರ ತಿದ್ದಿ "ಎಲ್ಲರಿಗೂ ಕಳಿಸುತ್ತೇವೆ" ಎಂಬ ಬೆದರಿಕೆ. ಇಲ್ಲಿ ಕಳ್ಳ ನೆಚ್ಚಿಕೊಂಡಿರುವುದು ಆ ಹುಡುಗಿ ಉಮ್ಮನ ಹತ್ತಿರ ಹೇಳುವುದಿಲ್ಲ ಎಂಬುದನ್ನು ಮಾತ್ರ. "ಮೊಬೈಲು ಕಿತ್ತುಕೊಳ್ಳುತ್ತಾರೆ, ಓದು ಬಿಡಿಸುತ್ತಾರೆ" ಎಂಬ ಹೆದರಿಕೆ ಅವಳಿಗೆ ಇದ್ದರೆ ಅವಳು ಹೇಳುವುದಿಲ್ಲ, ಕೇಳಿದಷ್ಟು ಕೊಡುತ್ತಾಳೆ. ಹಾಗಾಗಿ ಮೋಸ ಆದ ದಿನ ಬೈಯುವುದಕ್ಕೆ ಬಾಯಿ ತೆರೆಯುವ ಉಮ್ಮ ಬಾಪಂದಿರಲ್ಲಿ ನಮ್ಮ ಕೋರಿಕೆ, ಆ ಬೈಗುಳ ಒಂದು ವಾರ ಮುಂದೂಡಿ. ಹೆಂಗಸರು ಮತ್ತು ಮಕ್ಕಳ ಮೇಲಿನ ಇಂಥ ಅಪರಾಧಕ್ಕೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಹಣ ಹೋದದ್ದು ಗೊತ್ತಾದ ಕೂಡಲೇ ಮಾಡಬೇಕಾದದ್ದು 1930ಕ್ಕೆ ಫೋನ್. ಕಳ್ಳ ಹಣವನ್ನು ಒಂದು ಖಾತೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ನಾಲ್ಕಕ್ಕೆ ಹಂಚಿ ತೆಗೆದುಬಿಡುತ್ತಾನೆ. ಅದಕ್ಕಿಂತ ಮುಂಚೆ ದೂರು ಹೋದರೆ ಬ್ಯಾಂಕು ತಡೆಹಿಡಿಯಬಹುದು. ದೇವದುರ್ಗದವರು, ಮಾನ್ವಿಯವರು "ನಾಳೆ ಬೆಳಗ್ಗೆ ಬಸ್ಸಿಗೆ ರಾಯಚೂರಿಗೆ ಹೋಗಿ ಕೇಳುವಾ" ಎಂದರೆ ಆ ರಾತ್ರಿಯೇ ಹಣ ದಾಟಿರುತ್ತದೆ. ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದದ್ದು ನಿಮ್ಮ ಖಾತೆ ಸಂಖ್ಯೆ, ಹಣ ಹೋದ ಸಮಯ, ಮೊತ್ತ, ಯುಪಿಐ ಮೆಸೇಜಿನಲ್ಲಿ ಬರುವ ಹನ್ನೆರಡು ಅಂಕೆಯ ವಹಿವಾಟು ಸಂಖ್ಯೆ, ಅವನ ಫೋನ್ ನಂಬರ್. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬ್ಯಾಂಕಿಗೂ ಅದೇ ಹೊತ್ತಿಗೆ ಹೇಳಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವನ ಮೇಲೆ ನಷ್ಟ ಹಾಕುವಂತಿಲ್ಲ. ಓಟಿಪಿ ನಾವೇ ಓದಿ ಹೇಳಿದ್ದರೆ ಆ ರಕ್ಷಣೆ ಸಿಗುವುದಿಲ್ಲ, ಆದರೂ ಕೂಡಲೇ ತಿಳಿಸಬೇಕು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು.

1930ಕ್ಕೆ ಹೇಳಿದ ದೂರನ್ನು ಪೋರ್ಟಲ್‌ನಲ್ಲಿ ಪೂರ್ತಿ ಮಾಡಬೇಕು. ಪ್ರತಿ ಜಿಲ್ಲೆಯಲ್ಲೂ ಸಿಇಎನ್ ಪೊಲೀಸ್ ಠಾಣೆ ಇದೆ. ರಾಯಚೂರಿನವರು ಅಲ್ಲಿಗೆ ಹೋಗಬಹುದು, ತಾಲೂಕಿನವರು ಮೊದಲು ತಮ್ಮ ಹತ್ತಿರದ ಠಾಣೆಗೇ ಹೋಗಬಹುದು. ಭಾಷೆಯ ಅಳುಕು ಇದ್ದರೆ ಪಕ್ಕದ ಮನೆಯ ಮೇಷ್ಟ್ರನ್ನೋ, ಅಂಗಡಿಯವರನ್ನೋ ಜತೆಗೆ ಕರೆದುಕೊಂಡು ಹೋಗಿ. ದೂರಿನ ಸಂಖ್ಯೆ ಕೊಡುತ್ತಾರೆ. ಅದನ್ನು ಪಾಸ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆದಿಡಿ. ಆಮೇಲೆ "ನಿಮ್ಮ ಕಳೆದುಹೋದ ಹಣ ವಾಪಸ್ ತೆಗೆಸಿಕೊಡುತ್ತೇವೆ, ಸ್ವಲ್ಪ ಫೀಸು ಆಗುತ್ತದೆ" ಎಂದು ಒಂದು ಫೋನ್ ಬಂದರೂ ಬರಬಹುದು. ಅದೂ ಅವರದ್ದೇ ಕಡೆಯದ್ದು.